ಪಂಕ್ತಿಭೇದವನ್ನು ಒಪ್ಪದ ಸಭೆ

ಸುಮಾರು ಕ್ರಿ.ಶ. 54ರಲ್ಲಿ ಎಫೆಸದಿಂದ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಪೌಲನು ಊಟದ ವಿಷಯಕ್ಕೆ ಕೆರಳಿ ಮಾತಾಡುತ್ತಾನೆ. ಕರ್ತನ ಭೋಜನಕ್ಕೆಂದು ಕೂಡಿದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ನಮ್ಮ ಕಡೆಯ ಮಾತಿನಲ್ಲಿ ಇದು ಪಂಕ್ತಿಭೇದ. ರೋಮನ್ ಸಮಾಜದಲ್ಲಿ ಅದೇನೂ ಅಪರೂಪವಲ್ಲ. ಅತಿಥಿಗಳ ಅಂತಸ್ತು ನೋಡಿ ಬೇರೆ ಬೇರೆ ದರ್ಜೆಯ ದ್ರಾಕ್ಷಾರಸ ಬಡಿಸಿದ ಯಜಮಾನನೊಬ್ಬನನ್ನು ಕಿರಿಯ ಪ್ಲಿನಿಯೂ ಒಂದು ಪತ್ರದಲ್ಲಿ ಟೀಕಿಸಿದ್ದಾನೆ. ಪ್ಲಿನಿಗೆ ಅದು ಸಭ್ಯತೆಯ ಕೊರತೆಯಾಗಿ ಕಂಡಿತು. ಪೌಲನ ತೀರ್ಪು ಇನ್ನೂ ಕಠಿಣ: ಬಡವರನ್ನು ನಾಚಿಸುವವರು ದೇವರ ಸಭೆಯನ್ನೇ ತಿರಸ್ಕರಿಸುತ್ತಾರೆ, ಅಂಥ ಊಟ ಕರ್ತನ ಭೋಜನವೇ ಅಲ್ಲ. ಮೊದಲ ಕ್ರೈಸ್ತ ಪತ್ರಗಳಲ್ಲಿ ಸಭೆಯೆಂದರೆ ಕೂಡಿದ ಜನ. ಕಡೆಯವನಿಗೆ ಅಲ್ಲಿ ಸಿಗುವ ಸ್ಥಾನವೇ ಆ ಕೂಟದ ಪರೀಕ್ಷೆ.

ಅದೇ ಪತ್ರದಲ್ಲಿ ಮುಂದೆ ಸಭೆಯನ್ನು ದೇಹಕ್ಕೆ ಹೋಲಿಸುವ ಭಾಗವಿದೆ. ಹೋಲಿಕೆ ಹೊಸದಲ್ಲ. ರೋಮಿನ ಸಾಮಾನ್ಯರು ಶ್ರೀಮಂತರ ಮೇಲೆ ಮುನಿದು ಊರು ಬಿಟ್ಟಾಗ ಮೆನೇನಿಯಸ್ ಅಗ್ರಿಪ್ಪ ಹೊಟ್ಟೆಯ ವಿರುದ್ಧ ದಂಗೆಯೆದ್ದ ಅವಯವಗಳ ಕಥೆ ಹೇಳಿ ಅವರನ್ನು ಮರಳಿ ಕರೆತಂದನೆಂದು ಲಿವಿ ಬರೆದಿದ್ದಾನೆ. ಅಲ್ಲಿ ದೇಹದ ಉಪಮೆ ಕೆಳಗಿನವರನ್ನು ಕೆಳಗೇ ಇರಿಸಲು ಬಳಕೆಯಾಯಿತು. ಪೌಲನು ಅದನ್ನೇ ತಿರುಗಿಸಿ, ಬಲಹೀನವೆಂದು ತೋರುವ ಅಂಗವೇ ಹೆಚ್ಚು ಅಗತ್ಯ, ಅದಕ್ಕೇ ಹೆಚ್ಚು ಮಾನ ಸಲ್ಲಬೇಕು ಎನ್ನುತ್ತಾನೆ. ಈ ಉಪಮೆಯನ್ನು ಊಟದ ಜಗಳದಿಂದ ಬೇರ್ಪಡಿಸಿ ಬರಿಯ ಐಕ್ಯದ ಬೋಧೆಯಾಗಿ ಓದುವುದು ನನಗೆ ಸರಿಯೆನಿಸದು.

ಕೂಟಗಳು ನಡೆಯುತ್ತಿದ್ದದ್ದು ಮನೆಗಳಲ್ಲಿ, ಮನೆ ಉಳ್ಳವರದು, ಹಾಗಾದರೆ ಸಭೆಯೂ ಅವರದೇ ಅಲ್ಲವೇ ಎಂದು ಕೇಳಬಹುದು. ಕೊರಿಂಥದಲ್ಲಿ ಇಡೀ ಸಭೆಗೆ ಆತಿಥ್ಯ ನೀಡಿದ ಗಾಯನು ಸ್ಥಿತಿವಂತನೇ ಇರಬೇಕು. ಆದರೆ ಮನೆಯಲ್ಲಿ ಸಭೆ ಸೇರಿಸುತ್ತಿದ್ದ ಪ್ರಿಸ್ಕ ಮತ್ತು ಅಕ್ವಿಲ ಗುಡಾರ ಮಾಡುವ ಕಸುಬಿನವರು. ಫಿಲೆಮೋನನಿಗೆ ಬರೆದ ಪತ್ರವಂತೂ ಅವನ ಮನೆಯ ಸಭೆಯನ್ನೂ ಉದ್ದೇಶಿಸಿದೆ. ದಾಸ ಒನೇಸಿಮನನ್ನು ಪ್ರಿಯ ಸಹೋದರನಾಗಿ ಸ್ವೀಕರಿಸೆಂಬ ಕೋರಿಕೆ ಹೀಗೆ ಎಲ್ಲರ ಕಿವಿಗೂ ಬೀಳುವಂತಾಯಿತು. ಪೌಲನು ದಾಸ್ಯವನ್ನೇ ತೊಡೆಯಿರೆಂದು ಬರೆಯಲಿಲ್ಲ, ನಿಜ. ಆ ಕೊರತೆಯನ್ನು ಮುಚ್ಚಿಡಬೇಕಿಲ್ಲ. ಆದರೂ ಯಜಮಾನನ ಮನೆವಾರ್ತೆ ಸಭೆಯ ವಿಚಾರವಾಯಿತೆಂಬುದು ಸಣ್ಣ ಸಂಗತಿಯಲ್ಲ.

ಮುಂದಿನ ತಲೆಮಾರಿನಲ್ಲಿ ಸಭೆಯೆಂದರೆ ಬಿಷಪ್ಪನ ಅಧಿಕಾರವೆಂದಾಯಿತು ಎಂಬ ಆಕ್ಷೇಪಕ್ಕೆ ಇನ್ನೂ ಹೆಚ್ಚು ಬಲವಿದೆ. ಎರಡನೆಯ ಶತಮಾನದ ಆರಂಭದಲ್ಲಿ, ಮರಣದಂಡನೆಗಾಗಿ ರೋಮಿಗೆ ಸಾಗಿಸಲ್ಪಡುತ್ತಿದ್ದ ಅಂತಿಯೋಕ್ಯದ ಇಗ್ನೇಷಿಯಸ್, ಬಿಷಪ್ಪನನ್ನು ಬಿಟ್ಟು ಏನನ್ನೂ ಮಾಡಬೇಡಿರೆಂದು ಸ್ಮುರ್ನದವರಿಗೆ ಬರೆದ. ಕಥೋಲಿಕ ಸಭೆ ಎಂಬ ಮಾತು ನಮಗೆ ಮೊದಲು ಸಿಗುವುದೂ ಅಲ್ಲೇ. ಆದರೆ ತನ್ನ ವಿರೋಧಿಗಳನ್ನು ಗುರುತಿಸಲು ಅದೇ ಪತ್ರದಲ್ಲಿ ಆತ ಕೊಡುವ ಲಕ್ಷಣಗಳನ್ನೂ ಓದಬೇಕು: ಅವರಿಗೆ ವಿಧವೆಯ ಚಿಂತೆಯಿಲ್ಲ, ಅನಾಥರ ಚಿಂತೆಯಿಲ್ಲ, ಸೆರೆಯಲ್ಲಿರುವವರ ಚಿಂತೆಯಿಲ್ಲ, ಹಸಿದವರ ಚಿಂತೆಯಿಲ್ಲ. ಅಧಿಕಾರ ಬಿಷಪ್ಪನ ಕೈಗೆ ಬಂದ ಮೇಲೂ, ಕೊರಿಂಥದವರನ್ನು ಪೌಲ ಅಳೆದ ಅಳತೆಯನ್ನು ಇಗ್ನೇಷಿಯಸ್ ಕೈಬಿಟ್ಟಿರಲಿಲ್ಲ.