ಶ್ವಾಸಕೋಶ ಕತ್ತರಿಸಿದರೆ ಮೆಟ್ಟಿಲು ಹತ್ತೋಕಾಗುತ್ತಾ?

ನಮ್ಮ ದೊಡ್ಡಪ್ಪನಿಗೆ ಸಿಒಪಿಡಿ. ಮೂವತ್ತು ವರ್ಷ ಬೀಡಿ ಸೇದಿದವರು, ಈಗ ಬಿಟ್ಟಿದ್ದಾರೆ. ಮೊದಲ ಮಹಡಿ ಹತ್ತೋಕೆ ಎರಡು ಕಡೆ ನಿಲ್ಲಬೇಕು. ಕಳೆದ ತಿಂಗಳು ಯಾರೋ ಫಾರ್ವರ್ಡ್ ಮಾಡಿದ ವಿಡಿಯೊ ತೋರಿಸಿ ಕೇಳಿದರು: 'ಶ್ವಾಸಕೋಶದ ಒಂದು ತುಂಡು ಕತ್ತರಿಸಿ ತೆಗೆದರೆ ಉಸಿರಾಟ ಸಲೀಸಂತೆ, ನಿಜವೇನೋ?' ಇಂಜಿನಿಯರಿಂಗ್ ಓದಿದ ತಲೆಗೆ ಮೊದಲು ಹೊಳೆದದ್ದು, ಪಂಪು ಕೆಟ್ಟಿದೆ ಅಂತ ಯಾರಾದರೂ ಪಂಪನ್ನೇ ಚಿಕ್ಕದು ಮಾಡ್ತಾರಾ?

ಮಾಡ್ತಾರೆ. ಕಾರಣವೂ ಇದೆ.

ಸಿಒಪಿಡಿಯ ಒಂದು ರೂಪ ಎಂಫಿಸೀಮಾ. ಇದರಲ್ಲಿ ಗಾಳಿಚೀಲಗಳ ಗೋಡೆ ನಾಶವಾಗಿ, ಶ್ವಾಸಕೋಶ ಹಳೇ ಎಲಾಸ್ಟಿಕ್ ಥರ ಹಿಗ್ಗುತ್ತದೆ, ಆದರೆ ಕುಗ್ಗೋದಿಲ್ಲ. ಒಳಗೆ ಹೋದ ಗಾಳಿ ಪೂರ್ತಿ ಹೊರಬರಲ್ಲ. ಎದೆಗೂಡು ಹಳಸಿದ ಗಾಳಿಯಿಂದ ತುಂಬಿ, ಗುಮ್ಮಟದ ಹಾಗೆ ಇರಬೇಕಾದ ವಪೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಸ್ನಾಯು ಎಳೆದರೂ ಗಾಳಿ ಹೆಚ್ಚು ಬರಲ್ಲ. ಬೇಗ ನಡೆದಾಗಲಂತೂ ಹಿಂದಿನ ಉಸಿರು ಹೊರಹೋಗುವ ಮೊದಲೇ ಮುಂದಿನದು ಒಳಬಂದು ಪೇರಿಕೊಳ್ಳುತ್ತದೆ. ಕೆಟ್ಟ ಭಾಗ ತೆಗೆದರೆ ಉಳಿದ ಭಾಗಕ್ಕೂ ವಪೆಗೂ ಜಾಗ ಸಿಗುತ್ತದೆ, ಇದೇ ತರ್ಕ.

ಅಮೆರಿಕದ ಓಟೊ ಬ್ರಾಂಟಿಗನ್ 1950ರ ದಶಕದಲ್ಲೇ ಇದನ್ನು ಮಾಡಿದ್ದರು. ಸಾವು ಜಾಸ್ತಿಯಾಗಿ ಕೈಬಿಟ್ಟರು. 1990ರ ದಶಕದಲ್ಲಿ ಸೇಂಟ್ ಲೂಯಿಸ್‌ನ ಜೋಯೆಲ್ ಕೂಪರ್ ಮತ್ತೆ ಶುರುಮಾಡಿದಾಗ ಮೊದಲ ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ, ದೇಶಾದ್ಯಂತ ಸರ್ಜನ್‌ಗಳು ಮುಗಿಬಿದ್ದರು. ಬಿಲ್ ಕಟ್ಟುತ್ತಿದ್ದದ್ದು ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್. ಅದು ತನ್ನದೇ ದಾಖಲೆ ತೆಗೆದು ನೋಡಿದಾಗ, ಆಪರೇಷನ್ ಆದವರಲ್ಲಿ ಸುಮಾರು ಕಾಲು ಭಾಗ ಜನ ಒಂದು ವರ್ಷದೊಳಗೆ ತೀರಿಹೋಗಿದ್ದರು. ದುಡ್ಡು ನಿಲ್ಲಿಸಿತು. ರೋಗಿಗಳು, ಸರ್ಜನ್‌ಗಳು ಗಲಾಟೆ ಮಾಡಿದರು. ಪ್ರಯೋಗಕ್ಕೆ ಒಪ್ಪಿದವರಿಗೆ ಮಾತ್ರ ಕೊಡ್ತೀವಿ ಅಂದಿತು ಮೆಡಿಕೇರ್. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದೇ: ಸರ್ಕಾರ ಖಜಾನೆಯ ಕೀಲಿ ಹಿಡಿದುಕೊಂಡು ಪುರಾವೆ ಕೇಳಿದ್ದು.

ಹಾಗೆ ಹುಟ್ಟಿದ್ದು ನೆಟ್ ಎಂಬ ಪ್ರಯೋಗ. 17 ಕೇಂದ್ರ, 1,218 ರೋಗಿಗಳು, ಫಲಿತಾಂಶ 2003ರಲ್ಲಿ. ಎಲ್ಲರಿಗೂ ಮೊದಲು 6ರಿಂದ 10 ವಾರ ವ್ಯಾಯಾಮ, ಉಸಿರಾಟದ ತರಬೇತಿ. ಆಮೇಲೆ ಅರ್ಧ ಜನಕ್ಕೆ ಆಪರೇಷನ್, ಅರ್ಧ ಜನಕ್ಕೆ ಔಷಧಿ ಮಾತ್ರ. ದೇಹದಾರ್ಢ್ಯ ಅಳೆದದ್ದು ಸೈಕಲ್ ತುಳಿಸಿ, ವ್ಯಾಟ್‌ಗಳಲ್ಲಿ. ಎರಡು ವರ್ಷದ ನಂತರ 10 ವ್ಯಾಟ್‌ಗಿಂತ ಹೆಚ್ಚು ಸುಧಾರಿಸಿದವರು ಆಪರೇಷನ್ ಗುಂಪಿನಲ್ಲಿ 15%, ಔಷಧಿ ಗುಂಪಿನಲ್ಲಿ 3%.

10 ವ್ಯಾಟ್ ಅಂದರೆ ಒಂದು ಎಲ್‌ಇಡಿ ಬಲ್ಬು, ನಗಬೇಡಿ. 60 ಕೆಜಿ ತೂಕದವರು 3 ಮೀಟರ್ ಮಹಡಿ ಹತ್ತೋಕೆ ಸುಮಾರು 1,764 ಜೂಲ್ ಬೇಕು. 25 ವ್ಯಾಟ್ ಕೊಡಬಲ್ಲವರಿಗೆ 70 ಸೆಕೆಂಡ್, 35 ವ್ಯಾಟ್ ಆದರೆ 50. ದೊಡ್ಡಪ್ಪನ ಲೆಕ್ಕದಲ್ಲಿ ಬಹುಶಃ ಒಂದು ನಿಲುಗಡೆ ಕಮ್ಮಿ.

ಆದರೆ ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ರೋಗ ಶ್ವಾಸಕೋಶದ ಮೇಲ್ಭಾಗದಲ್ಲೇ ಹೆಚ್ಚಿದ್ದು, ತರಬೇತಿಯ ನಂತರವೂ ತುಳಿಯುವ ಶಕ್ತಿ ಕಡಿಮೆ ಇದ್ದವರಲ್ಲಿ (ಹೆಂಗಸರಿಗೆ 25, ಗಂಡಸರಿಗೆ 40 ವ್ಯಾಟ್‌ವರೆಗೆ) ಸುಧಾರಿಸಿದವರು 30%, ಔಷಧಿ ಗುಂಪಿನಲ್ಲಿ ಸೊನ್ನೆ. ಇವರು ಹೆಚ್ಚು ಕಾಲ ಬದುಕಿದರು ಕೂಡ. ರೋಗ ಬೇರೆ ಕಡೆ ಇದ್ದು, ಮೊದಲೇ ಚೆನ್ನಾಗಿ ತುಳಿಯುತ್ತಿದ್ದವರಿಗೆ ಆಪರೇಷನ್‌ನಿಂದ ಸಾವಿನ ಅಪಾಯ ಸುಮಾರು ದುಪ್ಪಟ್ಟಾಯಿತು. ಶ್ವಾಸಕೋಶ ತೀರಾ ಹದಗೆಟ್ಟಿದ್ದ ಒಂದು ಗುಂಪಿನಲ್ಲಂತೂ ತಿಂಗಳೊಳಗೆ 16% ಜನ ಸತ್ತರು. ಅಂಥವರ ಸೇರ್ಪಡೆಯನ್ನು 2001ರಲ್ಲೇ ನಿಲ್ಲಿಸಬೇಕಾಯಿತು. ಆ ಗುಂಪು ಬಿಟ್ಟು ಉಳಿದವರಲ್ಲೂ 90 ದಿನದೊಳಗಿನ ಸಾವು 5.2%, ಔಷಧಿ ಗುಂಪಿನಲ್ಲಿ 1.5%.

ಈಗ ಎದೆ ತೆರೆಯದೆ, ಕೊಳವೆ ಇಳಿಸಿ ಕೂರಿಸುವ ಕವಾಟಗಳಿವೆ. ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಸರಿಯಾದ ರೋಗಿ ಬೇಕು.

ನನಗೆ ಕಾಡುವುದು ಬೇರೆ. ವಿಡಿಯೊದಲ್ಲಿ ಕತ್ತರಿ ಇತ್ತು, ಆ 6ರಿಂದ 10 ವಾರದ ತರಬೇತಿ ಇರಲಿಲ್ಲ. ಒಬ್ಬ ಫಿಸಿಯೊ, ಒಂದು ಸೈಕಲ್, ಒಂದು ಕಾರಿಡಾರ್ ಇದ್ದರೆ ನಡೆಯುವ ಕೆಲಸ ಅದು. ಹೊಗೆ ಒಲೆ ಊದಿ ಊದಿ ಇದೇ ಕಾಯಿಲೆ ತಗುಲಿಸಿಕೊಂಡ ನಮ್ಮ ಹಳ್ಳಿ ಹೆಂಗಸರಿಗೆ, ಯಾವ ಸರ್ಜನ್‌ಗಿಂತ ಮೊದಲು ಬೇಕಾದದ್ದು ಅದೇ. ನಿಮ್ಮ ಶಾಸಕರು ಮುಂದಿನ ಸಲ ಆಸ್ಪತ್ರೆ ಉದ್ಘಾಟನೆಗೆ ಬಂದಾಗ ಕೇಳಿ ನೋಡಿ.

ದೊಡ್ಡಪ್ಪನಿಗೆ ಸಿಟಿ ಸ್ಕ್ಯಾನ್ ಬರೆದಿದ್ದಾರೆ. ಅಲ್ಲಿವರೆಗೆ ದಿನಾ ಬೆಳಿಗ್ಗೆ ನನ್ನ ಜೊತೆ ಬೀದಿ ಕೊನೆವರೆಗೆ ನಡೀತಾರೆ. ನಿನ್ನೆ ಒಂದೇ ಸಲ ನಿಂತರು.