ರಕ್ತದ ದೋಷವೋ, ರೊಟ್ಟಿಯ ದೋಷವೋ?

ಯುರೋಪಿನ ಡ್ಯಾನ್ಯೂಬ್ ನದಿಗೆ ಸೇರುವ ಸಾವಾ, ಮೊರಾವಾ, ತಿಮೋಕ್ ಮುಂತಾದ ಉಪನದಿಗಳ ಬಯಲಿನಲ್ಲಿ ಗೋಧಿ ಬೆಳೆಯುವ ನೂರಾರು ಹಳ್ಳಿಗಳಿವೆ. ಅವುಗಳಲ್ಲಿ ಕೆಲವು ಹಳ್ಳಿಗಳನ್ನು ಬಹುಕಾಲ ಒಂದು ವಿಚಿತ್ರ ಕಾಯಿಲೆ ಕಾಡಿತು. ನಡುವಯಸ್ಸು ದಾಟಿದ ರೈತ ಮೊದಲು ಸುಸ್ತು ಎನ್ನುತ್ತಿದ್ದ. ಮೈ ಬಣ್ಣ ತಾಮ್ರದಂತಾಗಿ, ಅಂಗೈ ಹಳದಿಗೆ ತಿರುಗುತ್ತಿತ್ತು. ಕೈಕಾಲು ಊದುತ್ತಿರಲಿಲ್ಲ, ರಕ್ತದೊತ್ತಡವೂ ಆರಂಭದಲ್ಲಿ ಏರುತ್ತಿರಲಿಲ್ಲ. ವೈದ್ಯರ ಬಳಿ ಬರುವ ಹೊತ್ತಿಗೆ ಎರಡೂ ಮೂತ್ರಪಿಂಡಗಳು ಕುಗ್ಗಿ ಚಿಕ್ಕದಾಗಿರುತ್ತಿದ್ದವು. ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಜೊತೆಗೂಡುತ್ತಿತ್ತು.

ಬಲ್ಗೇರಿಯಾದ ವ್ರಾತ್ಸಾ ಸೀಮೆಯ ಈ ರೋಗಿಗಳ ಬಗ್ಗೆ ವೈದ್ಯ ತಾಂಚೆವ್ ಮತ್ತು ಸಂಗಡಿಗರು 1956ರಲ್ಲಿ ಬರೆದರು. ಮರುವರ್ಷ ಸರ್ಬಿಯಾದ ದಾನಿಲೋವಿಚ್ ತಮ್ಮ ಸೀಮೆಯ ರೋಗಿಗಳನ್ನು ವಿವರಿಸಿದರು. ಕ್ರೊಯೇಷಿಯಾ, ಬೋಸ್ನಿಯಾ, ರುಮೇನಿಯಾಗಳಲ್ಲೂ ಇದೇ ರೋಗ ಕಂಡುಬಂತು. ವೈದ್ಯಲೋಕ ಇದನ್ನು 'ಬಾಲ್ಕನ್ ಮೂತ್ರಪಿಂಡ ರೋಗ' ಎಂದು ಕರೆಯಿತು.

ರೋಗ ಹರಡಿದ್ದ ರೀತಿಯೇ ಒಂದು ಒಗಟಾಗಿತ್ತು. ಒಂದು ಊರಿನಲ್ಲಿ ರೋಗವಿದ್ದರೆ, ಅದರ ಪಕ್ಕದ ಊರಿನಲ್ಲಿ ಒಬ್ಬರಿಗೂ ಇರುತ್ತಿರಲಿಲ್ಲ. ಒಂದೇ ಬೀದಿಯ ಒಂದು ಮನೆಯಲ್ಲಿ ತಂದೆ, ಮಗ, ಚಿಕ್ಕಪ್ಪ ಸಾಲಾಗಿ ಸಾಯುತ್ತಿದ್ದರೆ ಎದುರು ಮನೆಯವರು ಗಟ್ಟಿಮುಟ್ಟಾಗಿರುತ್ತಿದ್ದರು. ಮಕ್ಕಳಿಗಂತೂ ಈ ಕಾಯಿಲೆ ಬರುತ್ತಲೇ ಇರಲಿಲ್ಲ.

ಹೀಗೆ ಮನೆತನ ಹಿಡಿದು ಸಾಗುವ ರೋಗವನ್ನು ಕಂಡಾಗ 'ಇದು ವಂಶಪಾರಂಪರ್ಯ' ಎನ್ನಿಸುವುದು ಸಹಜ. ಹಲವು ವಿಜ್ಞಾನಿಗಳು ವಂಶವೃಕ್ಷಗಳನ್ನು ಬರೆದು, ವರ್ಣತಂತುಗಳಲ್ಲಿ ದೋಷ ಹುಡುಕಿದರು. ಇದು ಬರೀ ಪ್ರಯೋಗಾಲಯದ ಚರ್ಚೆಯಾಗಿರಲಿಲ್ಲ. ರಕ್ತದಲ್ಲೇ ದೋಷವಿದೆ ಎಂದರೆ ತಪ್ಪು ಆ ಮನೆತನದ ಮೇಲೆ ಬೀಳುತ್ತದೆ, ಹುಟ್ಟುವ ಮಕ್ಕಳ ಪಾಲಿಗೂ ತಪ್ಪಿಸಿಕೊಳ್ಳುವ ದಾರಿಯಿಲ್ಲ ಎಂದಾಗುತ್ತದೆ. ದೋಷ ನೆಲದಲ್ಲೋ ಅನ್ನದಲ್ಲೋ ಇದ್ದರೆ ಅದನ್ನು ತೆಗೆದುಹಾಕಬಹುದು.

ವಂಶದ ವಾದಕ್ಕೆ ಮೊದಲ ಪೆಟ್ಟು ಕೊಟ್ಟವರು ಹೊರಗಿನಿಂದ ಬಂದವರು. ರೋಗವಿಲ್ಲದ ಊರಿನಿಂದ ಮದುವೆಯಾಗಿ ಬಂದ ಸೊಸೆಯಂದಿರಿಗೂ ವರ್ಷಗಳು ಕಳೆದ ಮೇಲೆ ಕಾಯಿಲೆ ಅಂಟಿತು. ಉಕ್ರೇನಿನಿಂದ ವಲಸೆ ಬಂದು ನೆಲೆಸಿದ ರೈತರಿಗೂ ಬಂತು. ಎಳೆಯ ವಯಸ್ಸಿನಲ್ಲೇ ಊರು ಬಿಟ್ಟುಹೋದ ಅದೇ ರಕ್ತದ ಮಕ್ಕಳು ಪಾರಾದರು. ಅಂದರೆ ರೋಗ ಹಿಂಬಾಲಿಸುತ್ತಿದ್ದುದು ರಕ್ತವನ್ನಲ್ಲ, ಮನೆಯ ಒಲೆಯನ್ನು.

ಹಾಗಾದರೆ ಕಾರಣವೇನು? ದಾನಿಲೋವಿಚ್ ಅವರು ಹಿಟ್ಟಿನ ಗಿರಣಿಯಿಂದ ಸೇರುವ ಸೀಸವನ್ನು ಶಂಕಿಸಿದರು. ಕೆಲವರು ವೈರಾಣು ಎಂದರು. ಇನ್ನು ಕೆಲವರು ಧಾನ್ಯಕ್ಕೆ ಹಿಡಿಯುವ ಬೂಷ್ಟಿನ ವಿಷ ಎಂದರು. ಭೂಮಿಯೊಳಗಿನ ಕಲ್ಲಿದ್ದಲಿನಿಂದ ಬಾವಿಯ ನೀರಿಗೆ ಇಳಿಯುವ ರಾಸಾಯನಿಕ ಎಂದವರೂ ಇದ್ದರು. ಯಾವ ವಾದವೂ ಒಗಟನ್ನು ಪೂರ್ತಿ ಬಿಡಿಸಲಿಲ್ಲ.

1969ರಲ್ಲಿ ಇವಿಚ್ ಎಂಬ ಸಂಶೋಧಕರು ಉತ್ತರವನ್ನು ಹೊಲದಲ್ಲೇ ತೋರಿಸಿದ್ದರು. ಗೋಧಿಯ ನಡುವೆ 'ಅರಿಸ್ಟೊಲೋಕಿಯಾ ಕ್ಲೆಮಾಟೈಟಿಸ್' ಎಂಬ ಕಳೆ ಬೆಳೆಯುತ್ತದೆ. ಅದರ ಬೀಜ ಗೋಧಿಯೊಂದಿಗೆ ಕೊಯ್ಲಾಗಿ, ಗಿರಣಿಯಲ್ಲಿ ಹಿಟ್ಟಾಗಿ, ಮನೆಯ ರೊಟ್ಟಿಯಲ್ಲಿ ಬೆರೆಯುತ್ತದೆ ಎಂಬುದು ಅವರ ವಾದ. ಬೀಜದ ಹಿಟ್ಟನ್ನು ಮೊಲಗಳಿಗೆ ತಿನ್ನಿಸಿದಾಗ ಮೂತ್ರಪಿಂಡ ಕೆಟ್ಟದ್ದನ್ನೂ ಅವರು ಕಂಡರು. ಆದರೆ ಈ ಮಾತಿಗೆ ಹೆಚ್ಚು ಜನ ಕಿವಿಗೊಡಲಿಲ್ಲ.

ಬ್ರಸೆಲ್ಸ್ ಕೊಟ್ಟ ಸುಳಿವು

ಎರಡು ದಶಕಗಳ ನಂತರ ಸುಳಿವು ಸಿಕ್ಕಿದ್ದು ಹಳ್ಳಿಯಲ್ಲಲ್ಲ, ಬೆಲ್ಜಿಯಂನ ರಾಜಧಾನಿಯಲ್ಲಿ. ತೂಕ ಇಳಿಸಲು ಗಿಡಮೂಲಿಕೆಯ ಮಾತ್ರೆ ನುಂಗಿದ ಮಹಿಳೆಯರ ಮೂತ್ರಪಿಂಡಗಳು ಬಲುಬೇಗ ವಿಫಲವಾದ ಸಂಗತಿಯನ್ನು ಅಲ್ಲಿನ ವೈದ್ಯ ವಾನ್‌ಹರ್ವೆಗೆಮ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಒಂದು ಚೀನೀ ಬೇರಿನ ಬದಲಿಗೆ ಹೆಸರಿನಲ್ಲಿ ಅದನ್ನೇ ಹೋಲುವ ಅರಿಸ್ಟೊಲೋಕಿಯಾ ಜಾತಿಯ ಬೇರು ಆ ಮಾತ್ರೆಗಳಲ್ಲಿ ಸೇರಿತ್ತು. ಈ ರೋಗಿಗಳ ಮೂತ್ರಪಿಂಡವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡ ಚಿತ್ರ ಬಾಲ್ಕನ್ ರೈತರದ್ದನ್ನೇ ಹೋಲುತ್ತಿತ್ತು. ಮುಂದೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು.

ಕೊನೆಯ ಸಾಕ್ಷ್ಯ ಒದಗಿದ್ದು 2007ರಲ್ಲಿ. ಅಮೆರಿಕದ ಆರ್ಥರ್ ಗ್ರೋಲ್ಮನ್, ಕ್ರೊಯೇಷಿಯಾದ ಬೋಯನ್ ಯೆಲಾಕೊವಿಚ್ ಮತ್ತು ಸಂಗಡಿಗರು ರೋಗಿಗಳ ಮೂತ್ರಪಿಂಡದ ಡಿಎನ್‌ಎ ಪರೀಕ್ಷಿಸಿದರು. ಕಳೆಗಿಡದ ವಿಷವಾದ ಅರಿಸ್ಟೊಲೋಕಿಕ್ ಆಮ್ಲ ಡಿಎನ್‌ಎಗೆ ಅಂಟಿಕೊಂಡು ಬಿಟ್ಟುಹೋಗುವ ಗುರುತು ಅಲ್ಲಿತ್ತು. ಕ್ಯಾನ್ಸರ್ ಗಡ್ಡೆಗಳಲ್ಲಿ ಆ ವಿಷದ್ದೇ ಎನ್ನಬಹುದಾದ ಬದಲಾವಣೆಗಳಿದ್ದವು. ವಂಶವಾಹಿಯಲ್ಲಿ ದೋಷವಿದ್ದದ್ದು ನಿಜ. ಆದರೆ ಅದು ತಂದೆತಾಯಿಯಿಂದ ಬಂದದ್ದಲ್ಲ, ಊಟದ ತಟ್ಟೆಯಿಂದ ಬಂದದ್ದು.

ಹಾಗೆಂದು ಅನುವಂಶೀಯತೆಯ ಪ್ರಶ್ನೆ ಪೂರ್ತಿ ಮುಗಿಯಲಿಲ್ಲ. ಒಂದೇ ರೊಟ್ಟಿ ಹಂಚಿಕೊಂಡು ತಿಂದವರೆಲ್ಲರೂ ಹಾಸಿಗೆ ಹಿಡಿಯಲಿಲ್ಲ. ಒಳಹೊಕ್ಕ ವಿಷವನ್ನು ದೇಹದ ಕಿಣ್ವಗಳು ನಿಭಾಯಿಸುವ ರೀತಿ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಅದನ್ನು ನಿರ್ಧರಿಸುವುದು ಹುಟ್ಟಿನಿಂದ ಬಂದ ವಂಶವಾಹಿಗಳು. ಬೇರೆ ಮೂತ್ರಪಿಂಡ ರೋಗಗಳಲ್ಲಿ ಇವುಗಳ ಪಾತ್ರ ಇನ್ನೂ ದೊಡ್ಡದು. ಪಶ್ಚಿಮ ಆಫ್ರಿಕಾ ಮೂಲದ ಜನರಲ್ಲಿರುವ 'ಎಪಿಒಎಲ್1' ವಂಶವಾಹಿಯ ಎರಡು ರೂಪಗಳು ಈ ಅಪಾಯವನ್ನು ಹೆಚ್ಚಿಸುತ್ತವೆಂದು 2010ರಲ್ಲಿ ಗೊತ್ತಾಯಿತು. ಇವೇ ರೂಪಗಳಿರುವವರ ರಕ್ತ ನಿದ್ರಾರೋಗದ ಪರೋಪಜೀವಿಯನ್ನು ಕೊಲ್ಲಬಲ್ಲದು. ಒಂದು ಪಿಡುಗಿನಿಂದ ಕಾಯ್ದದ್ದೇ ಇನ್ನೊಂದಕ್ಕೆ ಬಾಗಿಲು ತೆರೆಯಿತು.

ಈ ಕಥೆ ನಮಗೂ ದೂರದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ ಮದ್ದೆಂದು ನಂಬಿರುವ ಈಶ್ವರಿ ಬಳ್ಳಿ ಇದೇ ಅರಿಸ್ಟೊಲೋಕಿಯಾ ಕುಲಕ್ಕೆ ಸೇರಿದ್ದು, ಅದರಲ್ಲೂ ಅದೇ ಆಮ್ಲವಿದೆ. ಈ ಕುಲದ ಗಿಡಗಳಿರುವ ಮೂಲಿಕೆ ಔಷಧಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2002ರಲ್ಲಿ ಘೋಷಿಸಿತು.

ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯ, ಎಲ್ ಸಾಲ್ವಡಾರ್ ಮತ್ತು ನಿಕರಾಗುವಾದ ಕಬ್ಬಿನ ಗದ್ದೆಗಳಲ್ಲೂ ರೈತ ಕೂಲಿಗಳ ಮೂತ್ರಪಿಂಡ ಕಾರಣ ತಿಳಿಯದೆ ಸೋಲುತ್ತಿದೆ. ಬಿಸಿಲಿನ ದುಡಿಮೆ, ಕುಡಿಯುವ ನೀರು, ಕೀಟನಾಶಕ, ವಂಶವಾಹಿ ಎಲ್ಲದರ ಮೇಲೂ ಸಂಶಯವಿದೆ. ಅಲ್ಲಿಯೂ ರೋಗ ಕೆಲವು ಮನೆಗಳನ್ನೇ ಹಿಡಿದಂತೆ ಕಂಡಾಗ ಬಾಲ್ಕನ್ ಸೊಸೆಯಂದಿರನ್ನು ನೆನೆಯುವುದು ಒಳ್ಳೆಯದು. ಒಂದು ಮನೆತನ ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದು ರಕ್ತವನ್ನಷ್ಟೇ ಅಲ್ಲ. ಹೊಲ, ಬಾವಿ, ಒಲೆ, ದುಡಿಮೆ ಇವೂ ಆಸ್ತಿಯಂತೆಯೇ ಮಕ್ಕಳಿಗೆ ಬರುತ್ತವೆ.