ಸ್ವಯಂವಿಸರಣ, ಅಧಿಕ ಒತ್ತಡದಲ್ಲಿ

ದ್ರವದ ಅಣುಗಳು ಉಷ್ಣಚಲನೆಯಿಂದ ತಮ್ಮತಮ್ಮೊಳಗೇ ಜಾಗ ಬದಲಿಸುತ್ತ ಸಾಗುವುದೇ ಸ್ವಯಂವಿಸರಣ. ಹಿರಿಯೂರು ಬಳಿಯ ವಾಣಿವಿಲಾಸ ಸಾಗರದಲ್ಲಿ 130 ಅಡಿ ನೀರು ನಿಂತರೂ ತಳದಲ್ಲಿ ಹೆಚ್ಚುವ ಒತ್ತಡ ಸುಮಾರು ನಾಲ್ಕು ವಾತಾವರಣ ಮಾತ್ರ. ಅಣುಗಳ ಓಡಾಟದಲ್ಲಿ ಅದರಿಂದ ಗಮನಾರ್ಹ ವ್ಯತ್ಯಾಸವಾಗದು. ವ್ಯತ್ಯಾಸ ಎದ್ದು ಕಾಣಲು ನೂರಾರು, ಸಾವಿರಾರು ವಾತಾವರಣ ಬೇಕು. ಅಷ್ಟು ಒತ್ತಡ ತಾಳುವ ದಪ್ಪ ಗೋಡೆಯ ಪುಟ್ಟ ಕೋಶದಲ್ಲಿ ದ್ರವವನ್ನಿಟ್ಟು, ಜಾಗದಿಂದ ಜಾಗಕ್ಕೆ ಬಲ ಬದಲಾಗುವ ಕಾಂತಕ್ಷೇತ್ರವನ್ನು ಎರಡು ಸಲ ಮಿಡಿಸುತ್ತಾರೆ. ನಡುವಿನ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಣುಗಳು ಹೆಚ್ಚು ಸರಿದಷ್ಟೂ ಹೈಡ್ರೋಜನ್ ಪರಮಾಣುಬೀಜಗಳು ಮರಳಿಸುವ ಕಾಂತೀಯ ಸಂಕೇತ, ಅಂದರೆ ಪ್ರತಿಧ್ವನಿ, ಕುಗ್ಗುತ್ತದೆ. ಇದು ಸ್ಟೆಜ್‌ಸ್ಕಾಲ್ ಮತ್ತು ಟ್ಯಾನರ್ 1965ರಲ್ಲಿ ರೂಪಿಸಿದ ವಿಧಾನ.

ಹಿಂಡಿದಷ್ಟೂ ಅಣುಗಳ ಓಟ ಕುಗ್ಗಬೇಕೆಂಬುದು ಸಹಜ ಊಹೆ. ಸೊನ್ನೆ ಡಿಗ್ರಿಯ ಆಸುಪಾಸಿನ ನೀರು ಅದನ್ನು ಸುಳ್ಳಾಗಿಸುತ್ತದೆ: ಸಾವಿರ ವಾತಾವರಣ ದಾಟುವವರೆಗೂ ಅದರ ವಿಸರಣ ಏರುತ್ತಲೇ ಹೋಗುತ್ತದೆ. ಕೋಶದೊಳಗಿನ ಸಂವಹನ ಪ್ರವಾಹ ಅಳತೆಯನ್ನು ಕೆಡಿಸಿರಬಹುದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬೇರೆಯೇ ವಿಧಾನದಿಂದ ಅಳೆದ ಸ್ನಿಗ್ಧತೆಯೂ ತಣ್ಣನೆಯ ನೀರಿನಲ್ಲಿ ಒತ್ತಡದೊಡನೆ ಮೊದಲು ಇಳಿಯುತ್ತದೆ. ಇದು 1884ರಲ್ಲೇ ಕಂಡ ಸಂಗತಿ. ಒತ್ತಡವು ಹೈಡ್ರೋಜನ್ ಬಂಧಗಳ ಸಡಿಲ ಜಾಲವನ್ನು ತಿರುಚುವುದರಿಂದ ಅಣುಗಳಿಗೆ ಬಿಡುಗಡೆ ಸಿಗುತ್ತದೆಂಬ ವಿವರಣೆಯೇ ಹೆಚ್ಚು ಒಪ್ಪುವಂಥದ್ದು. ಧ್ರುವೀಯತೆಯೊಂದೇ ಕಾರಣವಲ್ಲ: ಮೆಥನಾಲ್ ಕೂಡ ಧ್ರುವೀಯ ದ್ರವ, ಹಿಂಡಿದರೆ ಅದರ ವಿಸರಣ ಕುಗ್ಗುತ್ತದೆ.